ಅಕ್ಕ ಕೇಳಿದ ಹದಿನಾಲ್ಕು ಅಡಿ ಬೆಂಚು

ನಮ್ಮಕ್ಕನ ವಿಷಯ ನಾಲ್ಕು ಜನಕ್ಕೆ ಗೊತ್ತಾಗಬೇಕು. ಯಾಕೆ ಅಂದ್ರೆ, ಎರಡು ಧರ್ಮದ ದೊಡ್ಡವರೂ ಆಗಲ್ಲ ಅಂದ ಮೇಲೆ, ತಾನು ಬಟ್ಟೆ ಒಣಗಿಸೋ ಕೋಣೆಯಲ್ಲಿ ಮಗಳ ಮದುವೆ ಮಾಡಿದವಳು ಅವಳು. ಯಾರ ಮೇಲೂ ಕೂಗಾಡಲಿಲ್ಲ. ಅವಳು ಬಯಸಿದ್ದು ಒಂದೇ. ಎರಡು ಮನೆಯ ಹಿರಿಯರು ಒಂದೇ ಬೆಂಚಿನ ಮೇಲೆ ಕೂರಬೇಕು. ಅದು ಆಗಲಿಲ್ಲ. ಆಗದ ಹಾಗೆ ಮಾಡಿದವನು ನಾನು, ಅವಳ ತಮ್ಮ. ಬೇರೆಯವರು ಬರೆದ್ರೆ ಇದನ್ನ ಬಿಟ್ಟು ಬರೀತಾರೆ. ಅದಕ್ಕೇ ನಾನೇ ಬರೀತಿದ್ದೀನಿ.

ನಾನು ಬಡಗಿ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟೋನು. ನನ್ನ ಬರವಣಿಗೆ ಅಂದ್ರೆ ಹಲಗೆ ಮೇಲೆ ಪೆನ್ಸಿಲ್ ಗೀಟು. ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ.

ಅಕ್ಕನಿಗೂ ನನಗೂ ಒಂಬತ್ತು ವರ್ಷ ಅಂತರ. ಅಪ್ಪ ಹೋದಾಗ ಅವಳಿಗೆ ಹತ್ತೊಂಬತ್ತು, ನನಗೆ ಹತ್ತು. ಅಮ್ಮನಿಗೆ ಹೊರಗೆ ದುಡಿದು ಗೊತ್ತಿರಲಿಲ್ಲ. ಅಕ್ಕ ಒಂದು ಟಬ್ಬು, ಒಂದು ಹಗ್ಗ ಇಟ್ಕೊಂಡು ಬೀದಿಯವರ ಬಟ್ಟೆ ಒಗೆಯೋಕೆ ಶುರು ಮಾಡಿದಳು. ನನ್ನ ಕೈ ಹಿಡ್ಕೊಂಡು ಹೋಗಿ ಒಬ್ಬ ವಯಸ್ಸಾದ ಬಡಗಿ ಹತ್ರ ಬಿಟ್ಟಳು.

"ಇವನು ಮಾತಾಡಲ್ಲ. ಕೆಲಸ ಮಾಡ್ತಾನೆ" ಅಂದಳು.

"ಒಳ್ಳೇದಾಯ್ತು ಬಿಡಮ್ಮ. ಮಾತಾಡೋರು ಬೆರಳು ಕೊಯ್ಕೋತಾರೆ" ಅಂದ್ರು ಅವರು.

ಅವರ ಹತ್ರ ನಾನು ಮೊದಲು ಕಲಿತ ದೊಡ್ಡ ಕೆಲಸ, ಎರಡು ತುಂಡು ಮರ ಸೇರಿಸಿ ಒಂದು ಉದ್ದ ಮಾಡೋದು. ಎರಡರ ತುದೀನೂ ಓರೆಯಾಗಿ ಕೊಯ್ದು, ಕಚ್ಚು ತೆಗೆದು, ಒಂದಕ್ಕೊಂದು ಕೂರಿಸಿ, ಮಧ್ಯಕ್ಕೆ ಬೆಣೆ ಹೊಡೆಯೋದು. ಮೊಳೆ ಬೇಡ, ಅಂಟು ಬೇಡ. ಬೆಣೆ ತೆಗೆದ್ರೆ ಮತ್ತೆ ಎರಡು ತುಂಡು. ಹೊಡೆದ್ರೆ ಒಂದು. ಹಾಗೆ ಮಾಡಿದ ಮೊದಲನೇ ಕೋಲನ್ನ ತಂದು ಅಕ್ಕನಿಗೆ ಕೊಟ್ಟೆ. ಬಟ್ಟೆ ಭಾರಕ್ಕೆ ಹಗ್ಗ ಜೋತು ಬೀಳುತ್ತಲ್ಲ, ಅದನ್ನ ನಡುವೆ ಎತ್ತಿ ನಿಲ್ಲಿಸೋಕೆ. ಅವಳು ಅದನ್ನ ಬೀದಿಯವರಿಗೆಲ್ಲ ತೋರಿಸಿದಳು. "ನೋಡಿ, ನಮ್ಮ ಹುಡುಗ ಮಾಡಿದ್ದು. ಎಲ್ಲಿ ಸೇರಿದೆ ಹೇಳಿ ನೋಡೋಣ" ಅಂತ. ನನಗೆ ನಾಚಿಕೆಯಾಗಿ ಬಾಗಿಲ ಹಿಂದೆ ನಿಂತಿದ್ದೆ.

ಆಮೇಲೆ ಅಕ್ಕನಿಗೆ ಮದುವೆ ಆಯ್ತು. ಭಾವ ಲಾರಿ ಓಡಿಸ್ತಿದ್ರು. ಮಗಳು ಪುಟ್ಟಿಗೆ ಆರು ವರ್ಷ ಇದ್ದಾಗ, ಎದೆ ಉರಿ ಅಂತ ಮಲಗಿದೋರು ಏಳಲಿಲ್ಲ. ಅಕ್ಕ ಹನ್ನೊಂದನೇ ದಿನಕ್ಕೆ ಟಬ್ಬಿಗೆ ನೀರು ತುಂಬಿಸಿದಳು. ಸ್ವಲ್ಪ ಸ್ವಲ್ಪವಾಗಿ ಲಾಂಡ್ರಿ ಆಯ್ತು. ಕೆಳಗೆ ಅಂಗಡಿ, ಮೇಲೆ ಮರದ ನೆಲದ ಉದ್ದನೆ ಕೋಣೆ. ಮಳೆ ಬಂದ್ರೂ ಅಲ್ಲಿ ಒಣಗುತ್ತೆ. ಆ ಕೋಣೆಗೆ ಆರು ಹಗ್ಗ. ಮೂರನೇ ಹಗ್ಗಕ್ಕೆ ಇವತ್ತಿಗೂ ಅದೇ ಕೋಲು.

ಅವಳ ಕೆಲಸದ ರೀತಿ ಹೇಳ್ತೀನಿ. ಪ್ರತಿ ಮನೆಗೂ ಒಂದು ದಾರದ ಗುರುತು. ಕಾಲರ್ ಒಳಗಡೆ ಎರಡು ಕೆಂಪು ಹೊಲಿಗೆ ಅಂದ್ರೆ ಮೇಷ್ಟ್ರ ಮನೆ, ನೀಲಿ ಅಡ್ಡಗೀಟು ಅಂದ್ರೆ ಔಷಧಿ ಅಂಗಡಿಯವರದು. ಪುಸ್ತಕದಲ್ಲಿ ಬರೆಯಲ್ಲ. ಇನ್ನೂರು ಮನೆ ಗುರುತು ತಲೆಯಲ್ಲೇ ಇದೆ. ಉದುರಿದ ಗುಂಡಿ ಹೊಲಿದೇ ಕೊಡ್ತಾಳೆ, ಹೇಳಲ್ಲ. ಜೇಬಲ್ಲಿ ಸಿಕ್ಕಿದ್ದನ್ನ ಕವರಿಗೆ ಹಾಕಿ ಅಂಟಿಸಿ ಕೊಡ್ತಾಳೆ, ಓದಲ್ಲ. ಯಾವ ಮನೆಯಲ್ಲಿ ಒಂದು ದೊಡ್ಡ ಚಾದರ ಹೋಗಿ ಎರಡು ಸಣ್ಣ ಚಾದರ ಬರೋಕೆ ಶುರುವಾಯ್ತು ಅಂತ ಅವಳಿಗೆ ಗೊತ್ತಾಗುತ್ತೆ. ಯಾರಿಗೂ ಬಾಯಿ ಬಿಟ್ಟಿಲ್ಲ. ನನಗೂ.

ಪುಟ್ಟಿ ವಿಷಯ ಗೊತ್ತಾಗಿದ್ದೂ ಬಟ್ಟೆಯಿಂದಲೇ. ಪುಟ್ಟಿ ಕನ್ನಡಕದ ಅಂಗಡಿಯಲ್ಲಿ ಚೀಟಿ ಬರೆಯೋ ಕೆಲಸ ಮಾಡ್ತಿದ್ಲು. ಅದೇ ಅಂಗಡಿಯ ಹಿಂಭಾಗದಲ್ಲಿ ಗಾಜು ಉಜ್ಜೋ ಹುಡುಗ. ಅವನ ಶರ್ಟು ಒಂದು ದಿನ ಲಾಂಡ್ರಿಗೆ ಬಂತು. ಅಕ್ಕ ಅದನ್ನ ಮೇಜಿನ ಮೇಲೆ ಹರಡಿ ಮಗಳನ್ನ ಕರೆದಳು. ನಾನೂ ಅಲ್ಲೇ ಇದ್ದೆ.

"ಈ ಗುಂಡಿ ಹೊಲಿದೋರು ಯಾರೇ?"

"ನನಗೇನ್ ಗೊತ್ತಮ್ಮ."

"ನಾಲ್ಕು ಸುತ್ತು ದಾರ, ಕೆಳಗೆ ಗಂಟು. ಇದು ನಾನು ಹೇಳಿಕೊಟ್ಟ ಗುಂಡಿ."

ಪುಟ್ಟಿ ಉಗುರು ಕಚ್ಚಿದಳು. "ಅವನ ಹತ್ರ ಸೂಜಿ ಇರಲಿಲ್ಲ" ಅಂದಳು.

"ಸೂಜಿ ಇಲ್ಲ ಅಂತ ಅವನನ್ನ ಮದುವೆ ಆಗ್ತೀಯಾ?"

"ಹೂಂ."

ಅಕ್ಕ ನಗಲೂ ಇಲ್ಲ, ಬೈಯಲೂ ಇಲ್ಲ. ಶರ್ಟಿಗೆ ನೀರು ಚಿಮುಕಿಸಿದಳು. "ಕರ್ಕೊಂಡು ಬಾ ನೋಡೋಣ. ಬರೋವಾಗ ಈ ಶರ್ಟೇ ಹಾಕ್ಕೊಂಡು ಬರಲಿ" ಅಂದಳು.

ಹುಡುಗ ನಮ್ಮ ಧರ್ಮದವನಲ್ಲ. ಒಳ್ಳೆಯ ಹುಡುಗ. ಅವನ ಅಪ್ಪ ಮೂರು ಬೀದಿ ಆಚೆ ಬೇಕರಿ ಇಟ್ಟಿದ್ರು. ತಾಯಿ ಇಲ್ಲ. ಅಕ್ಕ ಮೊದಲು ನಮ್ಮ ಪ್ರಾರ್ಥನೆ ಮನೆಗೆ ಹೋದಳು. ಆಮೇಲೆ ಅವರದಕ್ಕೂ ಹೋದಳು. ಎರಡು ಕಡೆಯೂ ಒಂದೇ ಮಾತು. ಇನ್ನೊಬ್ಬರು ನಮ್ಮ ಧರ್ಮಕ್ಕೆ ಬಂದ್ರೆ ಮದುವೆ ಮಾಡ್ತೀವಿ, ಇಲ್ಲಾಂದ್ರೆ ಆಗಲ್ಲ. ಅಕ್ಕ ಎರಡು ಕಡೆಯೂ ನಮಸ್ಕಾರ ಹೇಳಿ ಎದ್ದು ಬಂದಳು. ಮಕ್ಕಳು ಬೆಳಗ್ಗೆ ರಿಜಿಸ್ಟ್ರಾರ್ ಆಫೀಸಲ್ಲಿ ಸಹಿ ಹಾಕಲಿ, ಮಧ್ಯಾಹ್ನ ನಮ್ಮ ಮಹಡಿಯಲ್ಲಿ ಎರಡು ಮನೆಯವರೂ ತಂತಮ್ಮ ಪ್ರಾರ್ಥನೆ ಹೇಳಿ ಹರಸಲಿ ಅಂತ ತೀರ್ಮಾನ ಮಾಡಿದಳು.

ನನ್ನನ್ನ ಕೇಳಿದ್ದು ಒಂದೇ. "ಆ ನೆಲ ಎಷ್ಟು ಜನರನ್ನ ತಡ್ಕೊಳ್ಳುತ್ತೆ?"

ನೋಡಿ ಹೇಳಿದೆ. "ಇಪ್ಪತ್ತೆರಡು."

ಅಲ್ಲಿಗೆ ಅತಿಥಿಗಳ ಲೆಕ್ಕ ಮುಗೀತು. ಹನ್ನೊಂದು ಅವರು, ಹನ್ನೊಂದು ನಾವು. ಲಾಂಡ್ರಿ ಚೀಟಿ ಹಿಂದೆ ಬರೆದಳು. ನಮ್ಮ ಕಡೆ ಮೊದಲನೇ ಹೆಸರು ಅಮ್ಮಂದು. ಎರಡನೇದು ನಂದು.

ಈಗ ನನ್ನ ವಿಷಯ ಸ್ವಲ್ಪ ಹೇಳಬೇಕು. ನಮ್ಮ ಪ್ರಾರ್ಥನೆ ಮನೆಯ ಬೆಂಚೆಲ್ಲ ನಾನು ಮಾಡಿದ್ದು. ಕುರ್ಚಿಗಿರೋ ಹಾಗೆ ಎರಡು ತುದಿಯಲ್ಲೂ ಮರದ ಕೈ ಇರೋ ಬೆಂಚು. ವಯಸ್ಸಾದವರು ಕೈ ಊರಿ ಏಳಲಿ ಅಂತ. ಮುಂದಿನ ಸಾಲಲ್ಲಿ ನನಗೊಂದು ಜಾಗ. ಓದಿಲ್ಲದವನಿಗೆ ನಾಲ್ಕು ಜನ ಎದ್ದು ಜಾಗ ಬಿಡ್ತಾರೆ ಅಂದ್ರೆ ಅದು ಸಣ್ಣದಲ್ಲ. ಪುಟ್ಟಿ ಸುದ್ದಿ ಹಬ್ಬಿದ ಮೇಲೆ ಅಲ್ಲಿ ಕಮಿಟಿಯವರೊಬ್ಬರು ಎಲ್ಲರ ಮುಂದೆ ಕೇಳಿದ್ರು.

"ಏನ್ ಮೇಸ್ತ್ರಿ, ಇನ್ಮೇಲೆ ಆ ಕಡೆಯೋರಿಗೂ ಬೆಂಚು ಮಾಡ್ತೀಯೇನಪ್ಪ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ನಗು ಎದೆಯಲ್ಲಿ ಮುಳ್ಳಿನ ಹಾಗೆ ಉಳ್ಕೊಂಡ್ತು. ಅಕ್ಕನ ಮೇಲೆ ಸಿಟ್ಟು ಬಂತು. ಬಾಯಿ ಬಿಟ್ಟು ಹೇಳೋ ಧೈರ್ಯ ಇರಲಿಲ್ಲ. ಅವಳು ಕರೆದ ಕಡೆಗೆಲ್ಲ ಹೋದೆ.

ಬೇಕರಿಗೂ ಹೋದೆ. ಮಧ್ಯಾಹ್ನ, ಒಲೆ ಆರೋ ಹೊತ್ತು. ಬೇಕರಿಯವರು ದಪ್ಪ ಮನುಷ್ಯ, ಹುಬ್ಬಿನ ತುಂಬ ಹಿಟ್ಟು. ನಮ್ಮನ್ನ ಹಿಟ್ಟಿನ ಮೂಟೆ ಮೇಲೆ ಕೂರಿಸಿದ್ರು.

"ಯಾರ ಪ್ರಾರ್ಥನೆ ಮೊದಲು ಅಂತ ಮಾತಾಡೋಣ ಅಂತ ಬಂದೆ" ಅಂದಳು ಅಕ್ಕ. "ನಿಮ್ಮದೆಷ್ಟು ಹೊತ್ತು?"

"ನಂದು ಚಿಕ್ಕದು ತಾಯಿ. ಒಲೆ ಮುಂದೆ ನಿಂತು ದೇವರನ್ನ ನೆನೆಯೋನು ನಾನು. ಜಾಸ್ತಿ ನೆನೆದ್ರೆ ಬ್ರೆಡ್ಡು ಸೀದುಹೋಗುತ್ತೆ."

"ನಮ್ಮಮ್ಮನದು ಸ್ವಲ್ಪ ಉದ್ದ. ನಡುವೆ ಮರೆತು ಮತ್ತೆ ಮೊದಲಿಂದ ಹೇಳ್ತಾಳೆ."

"ಹಾಗಾದ್ರೆ ಅವರದೇ ಮೊದಲಾಗಲಿ. ಮರೆಯೋಕೂ ಟೈಮ್ ಬೇಕಲ್ಲ."

ಅಕ್ಕ ನಕ್ಕಳು. ಎಷ್ಟೋ ದಿನದ ಮೇಲೆ ಅವಳು ಹಾಗೆ ನಕ್ಕಿದ್ದು. ಅವರು ನಿಂತು ಪ್ರಾರ್ಥನೆ ಮಾಡೋರು, ನಾವು ಕೂತು. ಅದಕ್ಕೆ ಬೇಕರಿಯವರೇ ದಾರಿ ಹೇಳಿದ್ರು. "ನನ್ನ ಮಂಡಿ ನೋವಿಗೆ ದೇವರು ಕೂರು ಅಂತಲೇ ಹೇಳ್ತಾನೆ. ಕೂರ್ತೀನಿ ಬಿಡಿ."

ಊಟ ಗೀಟ ಬೇಡ, ಅವರ ಕೈಯ ಬ್ರೆಡ್ಡು ಸಾಕು ಅಂತ ಆಯ್ತು. ಆಗ ಅವರು ದನಿ ತಗ್ಗಿಸಿದ್ರು.

"ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ದೊಡ್ಡಮ್ಮನವರು ನಮ್ಮ ಕೈಯಿಂದ ತಿಂತಾರಾ?"

ನಮ್ಮಮ್ಮನಿಗೆ ಆಗ ಎಂಬತ್ತು ದಾಟಿತ್ತು. ಬೇರೆಯವರ ಮನೆಯಲ್ಲಿ ನೀರೂ ಕುಡಿದವಳಲ್ಲ. ಮದುವೆಗೆ ಬರ್ತೀನಿ, ಪ್ರಾರ್ಥನೆ ಹೇಳ್ತೀನಿ, ತಿನ್ನೋ ಮಾತು ಎತ್ತಬೇಡಿ ಅಂದಿದ್ಲು.

ಅಕ್ಕ ಮೂಟೆ ಮೇಲಿಂದ ಮುಂದಕ್ಕೆ ಬಾಗಿದಳು. "ಕೇಳಿದ್ರೆ ಬೇಡ ಅಂತಾಳೆ. ನೀವು ಕೇಳಬೇಡಿ. ಅವಳ ಪಕ್ಕದಲ್ಲೇ ಕೂತ್ಕೊಳ್ಳಿ. ಪ್ರಾರ್ಥನೆ ಮುಗಿದ ತಕ್ಷಣ ಮುರಿದು ಕೈಗೆ ಕೊಡಿ. ಕೈಗೆ ಬಂದಿದ್ದನ್ನ ನಮ್ಮಮ್ಮ ಯಾವತ್ತೂ ಕೆಳಗಿಟ್ಟಿಲ್ಲ. ಅವಳು ಒಂದು ತುತ್ತು ತಿಂದ್ರೆ ನಮ್ಮ ಕಡೆಯೋರು ಎಲ್ಲರೂ ತಿಂತಾರೆ. ಅಲ್ಲಿಗೆ ಮದುವೆ ಆದಂಗೆ."

ಬರೋ ದಾರಿಯಲ್ಲಿ ಬೆಂಚಿನ ಮಾತು ತೆಗೆದಳು.

"ಲೋ, ನನಗೊಂದು ಬೆಂಚು ಬೇಕು ಕಣೋ. ಹದಿನಾಲ್ಕು ಅಡಿ. ಹಿರಿಯರು ಹತ್ತು ಜನ ಅದರ ಮೇಲೆ. ಉಳಿದವರು ಕೆಳಗೆ ಚಾದರದ ಮೇಲೆ."

"ಕುರ್ಚಿ ತಂದ್ರೆ ಆಗಲ್ವಾ?"

"ಬೇಡ. ನಮ್ಮ ಗಿರಾಕಿಯೊಬ್ಬರ ಮನೆಯಲ್ಲಿ ಇಂಥದ್ದೇ ಮದುವೆ ಆಯ್ತು. ನಾನೂ ಹೋಗಿದ್ದೆ. ಕುರ್ಚಿ ಹಾಕಿದ್ರು. ಬಂದೋರು ಬಂದೋರು ಒಂದೊಂದು ಗೇಣು ಆಚೆ ಎಳ್ಕೊಂಡು ಕೂತ್ರು. ಮುಗಿಯೋ ಹೊತ್ತಿಗೆ ನಡುವೆ ಒಂದು ರಸ್ತೆ ಆಗಿತ್ತು. ಕುರ್ಚಿ ಎಳ್ಕೊಂಡು ಹೋಗಬಹುದು. ಬೆಂಚು ಎಳ್ಕೊಂಡು ಒಬ್ಬನೇ ಎಲ್ಲಿಗೆ ಹೋಗ್ತಾನೆ?"

ಸರಿ ಅಂದೆ. ಮರುದಿನ ಅಳತೆ ತಗೊಳ್ಳೋಕೆ ಹೋದೆ. ಮೆಟ್ಟಿಲು ಕಿರಿದು, ನಡುವೆ ತಿರುವು. ಹದಿನಾಲ್ಕು ಅಡಿ ಹಲಗೆ ಅಲ್ಲಿ ತಿರುಗಲ್ಲ. ಅದು ನಿಜ. ಟೇಪು ಹಿಡಿದು ನಿಂತಿದ್ದಾಗ ಆ ಕಮಿಟಿಯವರ ನಗು ಕಿವಿಯಲ್ಲಿ ಕೇಳಿಸ್ತು.

"ಆಗಲ್ಲ ಅಕ್ಕ. ತಿರುವಲ್ಲಿ ಸಿಕ್ಕಾಕ್ಕೊಳ್ಳುತ್ತೆ. ಏಳೇಳು ಅಡಿಯ ಎರಡು ಬೆಂಚು ಮಾಡ್ತೀನಿ."

"ಎರಡಾ?"

"ಬೇರೆ ದಾರಿ ಇಲ್ಲ."

ಅಕ್ಕ ಕೋಣೆಯೊಳಗೆ ಹೋದಳು. ಹಗ್ಗದ ಕೋಲನ್ನ ತಂದು ನನ್ನ ಎದುರಿಗಿದ್ದ ಕಿಟಕಿಗೆ ಆನಿಸಿದಳು. "ಇನ್ನೊಂದು ಸಲ ನೋಡು. ಅವಸರ ಇಲ್ಲ" ಅಂದಳು.

ನಾನು ಮೆಟ್ಟಿಲನ್ನೇ ನೋಡಿದೆ. ಟೇಪು ಸುತ್ತಿ ಜೇಬಿಗೆ ಹಾಕ್ಕೊಂಡೆ. "ಆಗಲ್ಲ."

ಕಚ್ಚು ತೆಗೆದು, ಎರಡು ತುಂಡಾಗಿ ಮೇಲೆ ತಂದು, ಬೆಣೆ ಹೊಡೆದ್ರೆ ಮುಗೀತು. ಅರ್ಧ ದಿನದ ಕೆಲಸ. ನನಗೆ ಗೊತ್ತಿತ್ತು. ಮೂವತ್ತೈದು ವರ್ಷ ನಾನು ತಿಂದ ಅನ್ನ ಅದು.

ಎರಡು ಬೆಂಚು ಮಾಡಿದೆ. ಒಳ್ಳೆಯ ಮರ, ಒಳ್ಳೆಯ ಪಾಲಿಶು. ಎರಡಕ್ಕೂ ಎರಡೂ ತುದಿಯಲ್ಲಿ ಕೈ ಇಟ್ಟೆ. ನನ್ನ ಹೆಂಡತಿ ಕಾಫಿ ತಂದವಳು ನಿಂತು ನೋಡಿದಳು.

"ಪಕ್ಕಪಕ್ಕ ಇಡೋ ಬೆಂಚಿಗೆ ನಾಲ್ಕು ಕೈ ಯಾಕ್ರೀ?"

"ನನ್ನ ಬೆಂಚಿಗೆ ಯಾವಾಗಲೂ ಕೈ ಇರುತ್ತೆ."

"ನಡುವಿನ ಎರಡು ಯಾರು ಊರ್ಕೊಳ್ಳೋಕೆ?"

"ನಿನ್ನ ಕೆಲಸ ನೋಡ್ಕೋ ಹೋಗೇ."

ಅವಳು ಲೋಟ ಅಲ್ಲೇ ಇಟ್ಟು ಹೋದಳು. ಅವಳಿಗೆ ಅರ್ಥ ಆಗಿತ್ತು.

ಮದುವೆ ಹಿಂದಿನ ದಿನ ಬೆಂಚು ಸಾಗಿಸಿದೆ. ಅಕ್ಕ ಹಗ್ಗ ಎಲ್ಲ ಬಿಚ್ಚಿ, ನೆಲ ತೊಳೆದು, ಕಿಟಕಿ ಗಾಜು ಒರೆಸಿದ್ದಳು. ಕೋಣೆ ಇಷ್ಟು ದೊಡ್ಡದಿದೆ ಅಂತ ನನಗೇ ಗೊತ್ತಿರಲಿಲ್ಲ. ಬೆಂಚೆರಡನ್ನೂ ಗೋಡೆಗುಂಟ ಒಂದರ ಪಕ್ಕ ಒಂದು ಇಟ್ಟಳು. ನಡುವೆ ನಾನಿಟ್ಟ ಎರಡು ಕೈ ಒಂದಕ್ಕೊಂದು ಒತ್ತಿ ನಿಂತ್ವು. ಒಂದು ಪುಟ್ಟ ಗೋಡೆ ಹಾಗೆ.

ಅದರ ಮೇಲೆ ಕೈ ಆಡಿಸಿದಳು. "ಇವೆರಡು ತೆಗೆಯೋಕಾಗುತ್ತಾ?"

"ಕೈ ತೆಗೆದ್ರೆ ಕಾಲು ಅಲ್ಲಾಡುತ್ತೆ" ಅಂದೆ. ಇದು ಎರಡನೇ ಸುಳ್ಳು.

"ಸರಿ ಬಿಡು" ಅಂದಳು. ಒಂದು ಬಿಳಿ ಚಾದರ ತಂದು, ನಾಲ್ಕು ಮಡಿಕೆ ಮಾಡಿ, ಆ ಎರಡು ಕೈ ಮೇಲೆ ಹೊದಿಸಿದಳು. ಅಂಚು ಎಳೆದು ಸರಿ ಮಾಡಿದಳು. "ಅಮ್ಮ ಈ ಪಕ್ಕ, ಬೇಕರಿಯವರು ಆ ಪಕ್ಕ. ಹತ್ರಾನೇ ಇದೆ ಅಲ್ವಾ?"

ನಾನು ಹೂಂ ಅಂದೆ.

ಮರುದಿನ ಮಧ್ಯಾಹ್ನ ಎಲ್ಲರೂ ಬಂದ್ರು. ಪುಟ್ಟಿ ತಾಯಿ ಕೈಯಾರೆ ಇಸ್ತ್ರಿ ಮಾಡಿದ ಬಿಳಿ ಬಟ್ಟೆ ಉಟ್ಟಿದ್ಲು. ಹುಡುಗ ಅದೇ ಗುಂಡಿಯ ಶರ್ಟು. ಅಕ್ಕ ಅಮ್ಮನನ್ನ ನಿಧಾನವಾಗಿ ಮೆಟ್ಟಿಲು ಹತ್ತಿಸಿ, ಬೆಂಚಿನ ತುದಿಯಲ್ಲಿ ಚಾದರದ ಪಕ್ಕ ಕೂರಿಸಿದಳು. ಚಾದರದ ಆಚೆ ಬೇಕರಿಯವರು. ಉಳಿದವರು ತಮ್ಮ ತಮ್ಮವರನ್ನ ನೋಡಿ ಕೂತ್ರು. ನಮ್ಮವರೆಲ್ಲ ಈ ಬೆಂಚು, ಅವರೆಲ್ಲ ಆ ಬೆಂಚು. ಬೆಂಚೇ ಹೇಳಿತ್ತು, ಎಲ್ಲಿ ಕೂರಬೇಕು ಅಂತ.

ನನ್ನ ಜಾಗ ಅಮ್ಮನ ಪಕ್ಕ ಇತ್ತು. "ನಾನು ನೆಲ ನೋಡ್ಕೋತೀನಿ. ಭಾರ ಜಾಸ್ತಿ ಆದ್ರೆ ಗೊತ್ತಾಗಬೇಕಲ್ಲ" ಅಂತ ಬಾಗಿಲ ಹತ್ರ ನಿಂತೆ. ಮಾಡಿದ ಬೆಂಚಿನ ಮೇಲೆ ಕೂರೋ ಮುಖ ಇರಲಿಲ್ಲ ನನಗೆ.

ಅಮ್ಮ ಕಣ್ಣು ಮುಚ್ಚಿ ಪ್ರಾರ್ಥನೆ ಶುರು ಮಾಡಿದಳು. ನಡುವೆ ಮರೆತಳು. ಮತ್ತೆ ಮೊದಲಿಂದ ಹೇಳಿದಳು. ಬೇಕರಿಯವರು ತಲೆ ತಗ್ಗಿಸಿ ಸುಮ್ಮನೆ ಕಾದ್ರು. ಆಮೇಲೆ ಅವರು ಹೇಳಿದ್ರು, ನಾಲ್ಕೇ ಸಾಲು. ಅವರಲ್ಲಿ ಕಣ್ಣು ತೆರೆದು ಹೇಳೋದು. ಮಕ್ಕಳ ಮುಖ ನೋಡ್ಕೊಂಡು ಹೇಳಿದ್ರು.

ಆಮೇಲೆ ತಟ್ಟೆಯಿಂದ ಬ್ರೆಡ್ಡು ತಗೊಂಡು ಮುರಿದ್ರು. ಕೂತಲ್ಲಿಂದಲೇ ಚಾದರದ ಮೇಲೆ ಅಮ್ಮನ ಕಡೆ ಕೈ ಚಾಚಿದ್ರು. ಅಮ್ಮ ನೋಡಿದಳು. ಅವಳ ಬಲಗೈ ಎದ್ದಿತು. ಇದನ್ನ ನಾನು ಕಣ್ಣಾರೆ ನೋಡಿದೆ. ಅವಳ ಬೆನ್ನು ಬಾಗಿತ್ತು, ಭುಜ ಮೇಲಕ್ಕೆ ಬರ್ತಿರಲಿಲ್ಲ. ಬೆಂಚಿನ ಆ ಎರಡು ಕೈ, ಅದರ ಮೇಲೆ ಚಾದರದ ಮಡಿಕೆ, ಅವಳಿಗೆ ಅಡ್ಡ ಆಯ್ತು. ಅವಳ ಬೆರಳು ಚಾದರದ ಅಂಚಿಗೆ ಬಂದು ನಿಂತ್ವು. ಬೇಕರಿಯವರ ಕಡೆಯಿಂದ ಅದು ಕಾಣೋ ಹಾಗಿರಲಿಲ್ಲ. ಸ್ವಲ್ಪ ಹೊತ್ತು ಕಾದ್ರು. ಬೇಡ ಅಂತಿದ್ದಾರೆ ಅಂದ್ಕೊಂಡ್ರು. ಒತ್ತಾಯ ಮಾಡಬಾರದು ಅಂತ ಮರ್ಯಾದೆಯಿಂದ ಕೈ ಹಿಂದೆ ತಗೊಂಡು, ಆ ತುಂಡನ್ನ ಮಗನಿಗೆ ಕೊಟ್ರು. ಅಮ್ಮನ ಕೈ ಮಡಿಲಿಗೆ ವಾಪಸ್ ಹೋಯ್ತು.

ಅಕ್ಕ ಆಗ ಪುಟ್ಟಿಯ ಮುಡಿ ಸರಿ ಮಾಡ್ತಿದ್ಲು. ನೋಡಲಿಲ್ಲ. ನೋಡಿದವನು ನಾನೊಬ್ಬನೇ. ಆರು ಹೆಜ್ಜೆ ದೂರ. ಹೋಗಿ ಆ ತುಂಡು ತಗೊಂಡು ಅಮ್ಮನ ಕೈಗೆ ಇಟ್ಟಿದ್ರೆ ಸಾಕಿತ್ತು. ಕಾಲು ಏಳಲಿಲ್ಲ.

ಅಮ್ಮ ತಿನ್ನಲಿಲ್ಲ ಅಂತ ನಮ್ಮವರು ಯಾರೂ ತಿನ್ನಲಿಲ್ಲ. ಬ್ರೆಡ್ಡು ಅವರ ಬೆಂಚಿನಲ್ಲೇ ಹಂಚಿ ಹೋಯ್ತು. ಎಲ್ಲರೂ ಚೆನ್ನಾಗೇ ಮಾತಾಡಿದ್ರು, ಹರಸಿದ್ರು, ಎರಡು ಗುಂಪಾಗಿ ಮೆಟ್ಟಿಲು ಇಳಿದ್ರು.

ಅಮ್ಮನನ್ನ ಮನೆಗೆ ಕರ್ಕೊಂಡು ಬಂದವನು ನಾನೇ. ಚಪ್ಪಲಿ ಬಿಡ್ತಾ ಕೇಳಿದಳು.

"ಆ ಮನುಷ್ಯ ನನಗೆ ಕೊಡೋಕೆ ಬಂದು ಯಾಕೆ ಹಿಂದೆ ತಗೊಂಡ್ನಪ್ಪ?"

"ನೀನು ತಿಂತಿದ್ಯಾ?"

"ಹುಡುಗಿ ಮದುವೆ ಅಲ್ವೇನೋ. ಒಂದು ಚೂರು ತಾನೇ." ಗೋಡೆ ಹಿಡ್ಕೊಂಡು ನಿಂತಳು. "ಈ ಮುದುಕಿಗೆ ಯಾಕೆ ಅನ್ನಿಸಿರಬೇಕು ಬಿಡು."

ನಾನು ಮಾತಾಡಲಿಲ್ಲ. ಇವನು ಮಾತಾಡಲ್ಲ ಅಂತ ಅಕ್ಕ ಹೇಳಿದ್ಲಲ್ಲ, ಅದನ್ನೇ ಗುಣ ಅಂದ್ಕೊಂಡು ಬದುಕಿದವನು ನಾನು.

ಆಮೇಲೆ ಬೇಕರಿಯವರು ಅಕ್ಕನ ಬೀದಿಗೆ ಬರೋದು ನಿಲ್ಲಿಸಿದ್ರು. ಸಿಟ್ಟಿಂದ ಅಲ್ಲ, ಸಂಕೋಚದಿಂದ. ಪುಟ್ಟಿ ಒಂದು ಭಾನುವಾರ ಗಂಡನ ಮನೆಯಲ್ಲಿ ಉಂಡ್ರೆ ಇನ್ನೊಂದು ಭಾನುವಾರ ತಾಯಿ ಮನೆಯಲ್ಲಿ. ಎಲ್ಲರೂ ಒಟ್ಟಿಗೆ ಕೂತು ಉಂಡಿದ್ದು ಒಂದು ದಿನವೂ ಇಲ್ಲ. ಎಂಟು ತಿಂಗಳಿಗೆ ಅಮ್ಮ ಹೋದಳು. ಬೇಕರಿಯವರು ಬಂದು ಬಾಗಿಲಾಚೆ ಟೋಪಿ ಕೈಯಲ್ಲಿ ಹಿಡ್ಕೊಂಡು ನಿಂತಿದ್ರು. ಒಳಗೆ ಬರಬಹುದೋ ಇಲ್ಲವೋ ಅಂತ ಅವರಿಗೆ ಅನುಮಾನ. ಬನ್ನಿ ಅಂತ ನಾನು ಹೇಳಲಿಲ್ಲ. ಅಕ್ಕ ಒಳಗಿದ್ಲು, ಅವಳಿಗೆ ಗೊತ್ತಾಗಲಿಲ್ಲ. ಅವರು ಹೋದ್ರು.

ಅಮ್ಮ ಹೋದ ಮೇಲೆ ಪ್ರಾರ್ಥನೆ ಮನೆಯ ಮುಂದಿನ ಸಾಲಲ್ಲಿ ಕೂರೋಕೆ ಆಗ್ಲಿಲ್ಲ ನನಗೆ. ಬೆಂಚಿನ ಕೈ ಮೇಲೆ ಕೈ ಇಟ್ರೆ ಅಮ್ಮನ ಬೆರಳು ಕಾಣ್ತಿತ್ತು. ಹಿಂದಿನ ಸಾಲಿಗೆ ಹೋದೆ. ಯಾರೂ ಯಾಕೆ ಅಂತ ಕೇಳಲಿಲ್ಲ. ಆ ಜಾಗಕ್ಕೆ ಮುಂದಿನ ವಾರವೇ ಬೇರೆಯವರು ಬಂದ್ರು. ಆ ಜಾಗಕ್ಕೋಸ್ಕರ ನಾನು ಅಷ್ಟೆಲ್ಲ ಮಾಡಿದ್ದು.

ಮದುವೆಯಾಗಿ ಒಂದೂವರೆ ವರ್ಷಕ್ಕೆ, ಒಂದು ಬೆಳಗ್ಗೆ ಗರಗಸ, ಉಳಿ ತಗೊಂಡು ಅಕ್ಕನ ಹತ್ರ ಹೋದೆ. ಅವಳು ಕೆಳಗೆ ಇಸ್ತ್ರಿ ಮಾಡ್ತಿದ್ಲು.

"ನಡುವಿನ ಎರಡು ಕೈ ತೆಗೀತೀನಿ" ಅಂದೆ.

"ಕಾಲು ಅಲ್ಲಾಡುತ್ತೆ ಅಂದಿದ್ಯಲ್ಲ."

"ಅಲ್ಲಾಡಲ್ಲ."

"ಗೊತ್ತು."

ಅವಳು ತಲೆ ಎತ್ತಲಿಲ್ಲ. ಇಸ್ತ್ರಿ ಪೆಟ್ಟಿಗೆ ತೋಳಿನ ಮೇಲೆ ಹೋಗಿ ಬಂತು.

"ಯಾವಾಗಿಂದ ಗೊತ್ತು?"

"ನೀನು ಅಳತೆ ತಗೊಂಡ ದಿನದಿಂದ. ಆ ಕೋಲು ತಂದು ನಿನ್ನ ಮುಂದೆ ನಿಲ್ಲಿಸಿದ್ನಲ್ಲೋ. ನೀನೇ ಮಾಡಿದ ಕೋಲು. ನೋಡ್ತೀಯ ಅಂತ ಕಾದೆ."

ನನಗೆ ಅದು ಹೊಳೆದಿದ್ದು ಆಗ ಮಾತ್ರ. ಕಿಟಕಿಗೆ ಆನಿಸಿದ್ದು ಅದಕ್ಕೆ.

"ಬಾಯಿ ಬಿಟ್ಟು ಹೇಳಬಾರದಿತ್ತಾ?"

"ನಾನು ಹೇಳಿದ್ರೆ ನೀನು ಮಾಡ್ತಿದ್ದೆ. ಮುಖ ಊದಿಸ್ಕೊಂಡು ಮಾಡ್ತಿದ್ದೆ. ನೀನಾಗಿ ಮಾಡಲಿ ಅಂತ ನನಗೆ." ತೋಳು ತಿರುಗಿಸಿ ಹಾಕಿದಳು. "ನಂದೂ ತಪ್ಪೇ. ಹೇಳಬೇಕಿತ್ತು. ಹೇಗೂ ಅಮ್ಮ ತಿನ್ನಲಿಲ್ಲವಲ್ಲ, ಬೆಂಚಿಂದ ಏನಾಗ್ತಿತ್ತು ಬಿಡು ಅಂತ ಸಮಾಧಾನ ಮಾಡ್ಕೊಂಡೆ."

ಆಗ ಹೇಳಿದೆ. ಅಮ್ಮನ ಕೈ ಎದ್ದಿದ್ದು, ಚಾದರದ ಅಂಚಲ್ಲಿ ನಿಂತಿದ್ದು, ಚಪ್ಪಲಿ ಬಿಡ್ತಾ ಕೇಳಿದ್ದು, ಎಲ್ಲ. ಬೇಕರಿಯವರು ಬಾಗಿಲಾಚೆ ನಿಂತು ಹೋಗಿದ್ದೂ ಹೇಳಿದೆ.

ಅಕ್ಕ ಇಸ್ತ್ರಿ ಪೆಟ್ಟಿಗೆ ಇಟ್ಟಲ್ಲೇ ಬಿಟ್ಟಳು. ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ ಬಂತು. ನಾನೇ ಎತ್ತಿಟ್ಟೆ. ಶರ್ಟಿನ ಮೇಲೆ ಕಂದು ಗುರುತು ಬಿದ್ದಿತ್ತು. ಅವಳ ಕೈಯಲ್ಲಿ ಬಟ್ಟೆ ಸುಟ್ಟಿದ್ದು ನಾನು ನೋಡಿದ್ದು ಅದೊಂದೇ.

"ನನಗೆ ಹೇಳಿ ಏನು ಬಂತು. ಹೋಗಿ ಅವರಿಗೆ ಹೇಳು" ಅಂದಳು. ಆಮೇಲೆ ಆ ಶರ್ಟು ಮಡಿಸೋಕೆ ಶುರು ಮಾಡಿದಳು. ಸುಟ್ಟ ಶರ್ಟು. ಅಂಚಿಗೆ ಅಂಚು ಸರಿಯಾಗಿ ಇಟ್ಟು.

ಹೋದೆ. ಬೇಕರಿಯಲ್ಲಿ ಒಲೆ ಆರೋ ಹೊತ್ತು. ನಿಂತುಕೊಂಡೇ ಹೇಳಿದೆ. ಅವರು ಎರಡು ಸಲ ಹೇಳಿಸಿದ್ರು.

"ದೊಡ್ಡಮ್ಮನವರು ಕೈ ಚಾಚಿದ್ರಾ?"

"ಚಾಚಿದ್ಲು. ಎಟುಕಲಿಲ್ಲ."

"ತಿಂತಿದ್ರಾ?"

"ತಿಂತಿದ್ಲು."

ಹಿಟ್ಟಿನ ಮೂಟೆ ಮೇಲೆ ಕೂತ್ರು. ನನ್ನನ್ನ ಬೈಯಬಹುದಿತ್ತು. "ನಾನು ಎದ್ದು ನಿಂತು ಕೊಡಬೇಕಿತ್ತು. ಮಂಡಿ ನೋವು ಅಂತ ಕೂತೇ ಇದ್ದೆ" ಅಂದ್ರು. ಅದನ್ನೇ ಮೂರು ಸಲ ಹೇಳಿದ್ರು. ಬೈದಿದ್ರೆ ಚೆನ್ನಾಗಿರ್ತಿತ್ತು.

ಬೆಂಚು ಮಹಡಿಯಿಂದ ಇಳಿಸಿದೆ. ನಡುವಿನ ಕೈ ಎರಡೂ ತೆಗೆದೆ, ಕಚ್ಚು ತೆಗೆದೆ, ಬೆಣೆ ಹೊಡೆದೆ. ಅರ್ಧ ದಿನವೇ ಹಿಡೀತು. ಈಗ ಅದು ಲಾಂಡ್ರಿ ಮುಂದೆ ಇದೆ, ಕಚ್ಚಿಗೆ ಹೋದ ಒಂದು ಗೇಣು ಬಿಟ್ರೆ ಹದಿನಾಲ್ಕು ಅಡಿ. ಬಟ್ಟೆ ಕೊಡೋಕೆ ಬಂದೋರು ಕೂರ್ತಾರೆ. ಬುಧವಾರ ಮಧ್ಯಾಹ್ನ ಬೇಕರಿಯವರು ತಮ್ಮ ಏಪ್ರನ್ ಒಗೆಯೋಕೆ ಹಾಕೋ ನೆಪದಲ್ಲಿ ಬರ್ತಾರೆ. ಒಂದು ಕಟ್ಟು ಬ್ರೆಡ್ಡು ತರ್ತಾರೆ. ಅಕ್ಕ ಪಕ್ಕದಲ್ಲಿ ಕೂತು ತಿಂತಾಳೆ. ಯಾವಾಗಲೂ ಒಂದು ತುಂಡು ಉಳಿಯುತ್ತೆ. ಇಬ್ಬರೂ ಅದನ್ನ ಮುಟ್ಟಲ್ಲ.

ಅಕ್ಕನಿಗೆ ಈಗ ಮಂಡಿ ಆಗಲ್ಲ, ಮಹಡಿ ಹತ್ತೋದು ಕಡಿಮೆ. ಆದ್ರೆ ಅಂಗಡಿ ತೆಗೆದೇ ಇರುತ್ತೆ. ಬಸ್ ನಿಲ್ದಾಣದ ಹಿಂದಿನ ರಸ್ತೆ, ಔಷಧಿ ಅಂಗಡಿ ಪಕ್ಕ, ಹಸಿರು ಬಾಗಿಲು. ಆ ಕಡೆ ಹೋದ್ರೆ ಒಂದು ಶರ್ಟು ಕೊಡೋ ನೆಪ ಮಾಡಿ ಹೋಗಿ. ಮದುವೆ ವಿಷಯ ನೀವಾಗಿ ತೆಗೀಬೇಡಿ. ಮೂರನೇ ಹಗ್ಗದ ಕೋಲು ತೋರ್ಸಿ ಅನ್ನಿ, 'ಎಲ್ಲಿ ಸೇರಿದೆ ಹೇಳಿ ನೋಡೋಣ' ಅಂತಾಳೆ. ಬುಧವಾರ ಆದ್ರೆ ಇನ್ನೂ ಒಳ್ಳೇದು. ಬೆಂಚಿನ ನಡುವೆ ಕೂತ್ಕೊಳ್ಳಿ. ಬೇಕರಿಯವರು ಆ ಉಳಿದ ತುಂಡು ಕೊಟ್ರೆ, ದಯವಿಟ್ಟು ಕೈ ಚಾಚಿ ತಗೊಳ್ಳಿ.